ಮಾಲೆ ತೆಗೆದ ಮೇಲೆ

ನಮ್ಮ ಕಡೆ ಕುಡಿಯುವವರು ವರ್ಷಕ್ಕೆ ಎರಡು ಸಲವಾದರೂ ಕುಡಿತ ಬಿಡುತ್ತಾರೆ. ಶ್ರಾವಣದಲ್ಲಿ ಒಂದು ಸಲ, ಅಯ್ಯಪ್ಪನ ಮಾಲೆ ಹಾಕಿದಾಗ ಇನ್ನೊಂದು ಸಲ. ಶ್ರಾವಣದ್ದಕ್ಕೆ ಅಷ್ಟು ಬೆಲೆಯಿಲ್ಲ. ಶನಿವಾರ ಮಾತ್ರ ಬಿಟ್ಟವರು, ಬಿಯರ್ ಲೆಕ್ಕಕ್ಕಿಲ್ಲ ಎನ್ನುವವರು ಎಲ್ಲ ಅದರೊಳಗೆ ತೂರಿಕೊಳ್ಳುತ್ತಾರೆ. ಮಾಲೆ ಹಾಗಲ್ಲ. 41 ದಿನ ಕಪ್ಪು ಪಂಚೆ, ಬರಿಗಾಲು, ನಸುಕಿನಲ್ಲೆದ್ದು ತಣ್ಣೀರು ಸ್ನಾನ, ನೆಲದ ಮೇಲೆ ನಿದ್ದೆ. ನಿನ್ನೆವರೆಗೆ ‘ಆ ಕುಡುಕ’ ಎನ್ನುತ್ತಿದ್ದವರೇ ಇವತ್ತು ‘ಬನ್ನಿ ಸ್ವಾಮಿ, ಕೂತ್ಕೊಳ್ಳಿ’ ಎನ್ನುತ್ತಾರೆ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ಸಂಜೆಯೇ ಅವರಲ್ಲಿ ಎಷ್ಟೋ ಜನ ಬಾರಿನ ಮುಂದೆ ಸಿಗುತ್ತಾರೆ. ಆಗ ಊರು ತೀರ್ಪು ಕೊಡುತ್ತದೆ: "41 ದಿನ ಮುಟ್ಲಿಲ್ಲ ನೋಡು. ಮನಸ್ಸು ಮಾಡಿದ್ರೆ ಬಿಡ್ತಾನೆ. ಕೊಬ್ಬು, ಅಷ್ಟೆ."

ನನಗೆ ಕಾಣುವುದೇ ಬೇರೆ. ಆ 41 ದಿನ ಆ ಮನುಷ್ಯನ ಸುತ್ತ ಏನೇನಿತ್ತು ನೋಡಿ. ಬೆಳಿಗ್ಗೆ ಇಂಥ ಹೊತ್ತಿಗೆ ಏಳಬೇಕು ಎಂಬ ಕಟ್ಟು. ಸಂಜೆ ಸರಿಯಾಗಿ ಗಂಟಲು ಒಣಗುವ ಹೊತ್ತಿಗೆ ಭಜನೆ. ತನ್ನ ಹಾಗೇ ವ್ರತ ಹಿಡಿದ ಹತ್ತು ಹನ್ನೆರಡು ಜನರ ಜೊತೆ ಊಟ. ಒಂದು ಮಾತು ಕೇಳಬೇಕೆಂದರೆ ಗುರುಸ್ವಾಮಿ. ಹಳೇ ಗೆಳೆಯರು ಕೂಡ "ಸ್ವಾಮಿ ಮುಂದೆ ಬೇಡ ಕಣ್ರೋ" ಎಂದು ಲೋಟ ಮರೆಮಾಡುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ ಮರ್ಯಾದೆ. ಚಟ ಬಿಟ್ಟವರನ್ನು ಬಿಟ್ಟ ಹಾಗೇ ಉಳಿಸಿಕೊಳ್ಳಲು ಮನೋವೈದ್ಯರು, ಸೋಶಿಯಲ್ ವರ್ಕರುಗಳು ಕಟ್ಟಲು ಹೆಣಗಾಡುವುದೂ ಇದನ್ನೇ. ಮಾಲೆಯ ಜೊತೆ ಇದನ್ನೆಲ್ಲ ಒಂದೇ ದಿನ ಬಿಚ್ಚಿ ಇಟ್ಟು, ಮಾರನೆಯ ದಿನ ‘ಇನ್ನು ನಿನ್ನ ಮನಸ್ಸುಂಟು ನೀನುಂಟು’ ಎಂದರೆ ಅವನಾದರೂ ಏನು ಮಾಡಿಯಾನು?

ಇದನ್ನು ಬರೆಯಲು ಒಂದು ಕಾರಣವಿದೆ. ನಮ್ಮ ಭಾವ ಕುಡಿತ ಬಿಟ್ಟು ಹತ್ತಿರ ಹತ್ತಿರ ಹತ್ತು ವರ್ಷವಾಯಿತು ಎಂಬುದು ಬಳಗದಲ್ಲೆಲ್ಲ ಗೊತ್ತು. ಹಾಗಾಗಿ ಯಾರಾದರೂ ಫೋನು ಮಾಡಿ, "ಒಳ್ಳೇ ಸೆಂಟರ್ ಯಾವುದು ಹೇಳಪ್ಪ, ಎಷ್ಟು ದಿನ ಇಟ್ಕೋತಾರೆ?" ಎಂದು ಕೇಳುತ್ತಲೇ ಇರುತ್ತಾರೆ. ವಾಪಸ್ ಬಂದ ಮೇಲೆ ಮನೆಯಲ್ಲಿ ಏನು ಮಾಡಬೇಕು ಎಂದು ಕೇಳಿದವರು ಕಡಿಮೆ. ಭಾವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಹೆಸರು ಬ್ಯಾಡ, ಮಿಕ್ಕಿದ್ದು ಬರ್ಕೋ, ಎಲ್ಲಾರ್ಗೂ ಗೊತ್ತಿರೋದೇ ಅಲ್ವಾ" ಎಂದರು.

ಭಾವನದು ತಿಪಟೂರಿನ ಕಡೆ ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನಿಂದ ಎತ್ತಿ ತಂದ ಸುಟ್ಟ ಮೋಟರು, ಅದರ ಹೊಟ್ಟೆಯಿಂದ ಕರಕಲಾದ ತಂತಿ ಕಿತ್ತು, ಒಂದೊಂದೇ ಸಂದಿಗೆ ಹೊಸ ತಾಮ್ರದ ತಂತಿ ಪೋಣಿಸಿ, ಎಳೆದು, ಸುತ್ತು ಎಣಿಸುತ್ತ ಕೂರುವ ಕೆಲಸ. ತೆಂಗಿನ ತೋಟದವರಿಗೆ ಬೇಸಿಗೆಯಲ್ಲಿ ಒಂದು ದಿನ ನೀರು ನಿಂತರೂ ಜೀವ ಹೋಗುತ್ತದೆ, ಅವರು ಅಂಗಡಿ ಮುಂದೆಯೇ ಕೂತಿರುತ್ತಿದ್ದರು. ಬೆರಳು ನಿಲ್ಲದೆ ಆ ಕೆಲಸ ಆಗದು. ಕೊನೆಕೊನೆಗೆ ಭಾವನ ಬೆರಳು ಬೆಳಿಗ್ಗೆ ನಿಲ್ಲುತ್ತಿರಲಿಲ್ಲ. ಅಂಗಡಿ ಬಾಗಿಲು ತೆಗೆಯುವ ಮುಂಚೆ ಒಂದು ನೈಂಟಿ ಬಿದ್ದರೆ ಮಾತ್ರ ಕೈ ಹತೋಟಿಗೆ ಬರುತ್ತಿತ್ತು. ಜನ ಮಜಕ್ಕೆ ಕುಡಿಯುತ್ತಾರೆ ಎಂದುಕೊಳ್ಳುತ್ತೇವೆ. ಬೆಳಿಗ್ಗೆಯ ಆ ನೈಂಟಿಯಲ್ಲಿ ಮಜದ ಪಾಲೇ ಇರಲಿಲ್ಲ, ಅದು ದುಡಿಮೆಗೆ ಹೋಗಲು ತೆಗೆದುಕೊಳ್ಳುವ ಮಾತ್ರೆಯಾಗಿತ್ತು.

ಆ ವರ್ಷ ಅಕ್ಕ ಹಟ ಹಿಡಿದು ಮಾಲೆ ಹಾಕಿಸಿದಳು. ಮೂರನೆಯ ರಾತ್ರಿ ನನಗೆ ಫೋನು ಬಂತು. ನಾನು ಬೆಂಗಳೂರಿನಿಂದ ಹೋಗಿ ನೋಡುವಾಗ ಭಾವ ಗೋಡೆಗೊರಗಿ ಕೂತಿದ್ದರು, ಮೈಯೆಲ್ಲ ಬೆವರು. ಎರಡೂ ಕೈ ಗಾಳಿಯಲ್ಲಿ ಏನನ್ನೋ ಎಳೆಯುತ್ತಿದ್ದವು. ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಪೋಣಿಸಿ, ಬಿಗಿಯಾಗಿ ಎಳೆದು, ಬಾಯಲ್ಲಿ ಎಣಿಕೆ. ಇಲ್ಲದ ಮೋಟರಿಗೆ ಇಲ್ಲದ ತಂತಿ ಸುತ್ತುತ್ತಿದ್ದರು. "ಇರಪ್ಪ, ಇದೊಂದು ಕಾಯಿಲ್ ಮುಗೀಲಿ, ಗೌಡ್ರು ಕಾಯ್ತಾವ್ರೆ" ಎಂದರು. ಯಾವ ಗೌಡರೂ ಇರಲಿಲ್ಲ. ಪಕ್ಕದ ಮನೆಯವರೊಬ್ಬರು ಸ್ವಾಮಿ ಮೈಮೇಲೆ ಬಂದಿದ್ದಾನೆಂದು ಕರ್ಪೂರ ಹಚ್ಚಲು ಹೊರಟಿದ್ದರು. ಮಡಿ ಕೆಟ್ಟಿರಬೇಕು ಎಂದು ಇನ್ನೊಬ್ಬರು.

ಅದು ದೇವರೂ ಅಲ್ಲ, ದೆವ್ವವೂ ಅಲ್ಲ. ವರ್ಷಗಟ್ಟಲೆ ದಿನವೂ ಕುಡಿದವರು ದಿಢೀರನೆ ನಿಲ್ಲಿಸಿದರೆ ಬರುವ ಸನ್ನಿ. ಆಸ್ಪತ್ರೆಯಲ್ಲಿ ‘ಡಿ.ಟಿ.’ ಎನ್ನುತ್ತಾರೆ. ಕೊನೆಯ ಗುಟುಕು ಇಳಿದು ಆರೆಂಟು ಗಂಟೆಗೆ ನಡುಕ, ಬೆವರು ಶುರು. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಈ ಸನ್ನಿ: ಹೊತ್ತು ಗೊತ್ತಿಲ್ಲ, ಜಾಗ ಗೊತ್ತಿಲ್ಲ, ಗೋಡೆ ಮೇಲೆ ಹುಳ ಹರಿಯುತ್ತವೆ. ಕೈ ಮಾತ್ರ ಜೀವಮಾನವಿಡೀ ಮಾಡಿದ ಕಸುಬನ್ನೇ ಮಾಡುತ್ತಿರಬಹುದು. ಆ ಕೈ ನೋಡಿಯೇ ಡ್ಯೂಟಿ ಡಾಕ್ಟರು "ಏನ್ ಕೆಲ್ಸ ಇವ್ರದು? ವೈಂಡಿಂಗಾ?" ಎಂದು ಕೇಳಿದಾಗ ನನಗೆ ಆಶ್ಚರ್ಯವಾಗಿತ್ತು. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಜೀವ ಹೋಗುವುದುಂಟು. ಮದ್ಯ ವರ್ಷಾನುಗಟ್ಟಲೆ ಮಿದುಳನ್ನು ಮಂಕು ಮಾಡುತ್ತದೆ, ಮಿದುಳು ಅದಕ್ಕೆ ಎದುರಾಗಿ ಜೋರು ಮಾಡಿಕೊಳ್ಳುತ್ತ ಹೋಗುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಜೋರು ಮಾತ್ರ ಉಳಿಯುತ್ತದೆ. ಭಾರ ಎಳೆಯುತ್ತಿದ್ದ ಎತ್ತಿನ ಹಗ್ಗ ಕಿತ್ತರೆ ಮುಗ್ಗರಿಸುವ ಹಾಗೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬೆಳಿಗ್ಗೆಯೇ ಕೈ ನಡುಗುವ, ಕುಡಿದರಷ್ಟೇ ನಡುಕ ನಿಲ್ಲುವ ಮನುಷ್ಯನಿಗೆ ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ನಡುಕ ತಗ್ಗಿಸಿ, ನಿಧಾನವಾಗಿ ಇಳಿಸುತ್ತ ಬರುವ ಮಾತ್ರೆಗಳಿವೆ, ಅದನ್ನು ವೈದ್ಯರೇ ಕೊಡಬೇಕು. ಇನ್ನೊಂದು, ನಮ್ಮೂರ ಕ್ಲಿನಿಕ್ಕುಗಳಲ್ಲಿ "ಸುಸ್ತಾಗಿದೆ, ಒಂದು ಗ್ಲೂಕೋಸ್ ಹಾಕಿ" ಎಂದು ಕೇಳಿ ಹಾಕಿಸಿಕೊಳ್ಳುವ ರೂಢಿ. ಸರಿಯಾಗಿ ಉಣ್ಣದೆ ಕುಡಿಯುವವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಅದನ್ನು ತುಂಬದೆ ಗ್ಲೂಕೋಸ್ ಮಾತ್ರ ಏರಿಸಿದರೆ ಇರುವ ಅಷ್ಟಿಷ್ಟೂ ಖರ್ಚಾಗಿ ಮಿದುಳಿಗೇ ಪೆಟ್ಟು ಬೀಳಬಹುದು, ನೆನಪು ಶಾಶ್ವತವಾಗಿ ಕೆಡಬಹುದು. ಥಯಾಮಿನ್ ಚುಚ್ಚುಮದ್ದು ದುಬಾರಿಯದೇನೂ ಅಲ್ಲ. ಕೇಳಿ ಹಾಕಿಸಿ.

2020ರ ಲಾಕ್‌ಡೌನ್ ನೆನಪಿದೆಯಲ್ಲ. ಮಾರ್ಚ್ 25, ಅವತ್ತೇ ಯುಗಾದಿ. ಮಾರನೆಯ ದಿನ ಹೊಸತೊಡಕು, ಅಂಗಡಿಯೆಲ್ಲ ಬಂದ್. ಕರ್ನಾಟಕದಲ್ಲಿ ಮತ್ತೆ ಮದ್ಯದಂಗಡಿ ತೆರೆದದ್ದು ಮೇ 4ಕ್ಕೆ. ಅಷ್ಟರಲ್ಲಿ ಸನ್ನಿ, ಫಿಟ್ಸ್ ಹೊತ್ತು ಬೆಂಗಳೂರಿನ ಆಸ್ಪತ್ರೆಗೆ ಬಂದವರ ಸಂಖ್ಯೆ ಏರಿದ್ದನ್ನು ನಿಮ್ಹಾನ್ಸ್ ವೈದ್ಯರು ಆಗಲೇ ಬರೆದರು. ಟೀವಿಯಲ್ಲಿ ಮಾತ್ರ ಅಂಗಡಿ ಮುಂದಿನ ಕ್ಯೂ ತೋರಿಸಿ ನಗುತ್ತಿದ್ದರು. ನಮ್ಮ ಭಾವ ಆ ದಿನಗಳಲ್ಲಿ ಪಕ್ಕದ ಬೀದಿಯ ಗಾರೆ ಕೆಲಸದವರೊಬ್ಬರ ಕೈ ನೋಡಿದವರೇ ಪೊಲೀಸರಿಗೆ ಹೇಳಿಕೊಂಡು ತಾಲೂಕು ಆಸ್ಪತ್ರೆಗೆ ಕರೆದೊಯ್ದರು. ಅವರಿಗದು ಹೊರಗಿನಿಂದ ಕಲಿತ ಪಾಠವಾಗಿರಲಿಲ್ಲ.

ಆಸ್ಪತ್ರೆಗೆ ಮುಂಚಿನ ದಾರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಆಣೆ, ಪ್ರಮಾಣ, ತಾಯತ ಎಲ್ಲ ಆಗಿತ್ತು. ಒಂದು ‘ಸೆಂಟರ್’ ಕೂಡ ಆಗಿತ್ತು. ರಾತ್ರಿ ವ್ಯಾನಿನಲ್ಲಿ ಬಂದು ಎತ್ತಿಕೊಂಡು ಹೋಗಿ, ಫೋನು ಕಿತ್ತುಕೊಂಡು, ಮನೆಯವರಿಗೆ ತಿಂಗಳ ಕೊನೆಗೆ ಬನ್ನಿ ಎನ್ನುವ ಜಾಗ. ಹೊಡೆದಿದ್ದರೆಂದು ಭಾವ ಹೇಳಿದ್ದು ಎಷ್ಟೋ ವರ್ಷದ ಮೇಲೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈಗ ಇಂಥದ್ದಕ್ಕೆ ಅಡ್ಡ ನಿಲ್ಲುತ್ತದೆ. ಮದ್ಯ, ಮಾದಕ ವಸ್ತುಗಳಿಂದಾಗುವ ಮನೋಸಮಸ್ಯೆಗಳನ್ನೂ ಅದು ಮಾನಸಿಕ ಕಾಯಿಲೆಯೊಳಗೇ ಸೇರಿಸಿದೆ. ಸರಪಳಿ ಹಾಕುವಂತಿಲ್ಲ, ಮಾನಸಿಕ ಆರೋಗ್ಯ ಸಂಸ್ಥೆಯಾಗಿ ನೋಂದಣಿಯಿಲ್ಲದೆ ದಾಖಲು ಮಾಡಿಕೊಳ್ಳುವಂತಿಲ್ಲ. ತನ್ನ ಪರವಾಗಿ ಮಾತಾಡಲು ಯಾರಿರಬೇಕೆಂದು ರೋಗಿಯೇ ಬರೆದುಕೊಡಬಹುದು. ವಿಮೆ ಕಂಪನಿಗಳು ಮೈ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದೂ ಅದರಲ್ಲಿದೆ. ಕಾಗದದಲ್ಲಿರುವುದೆಲ್ಲ ಊರಿಗೆ ತಲುಪಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಸೇರಿಸುವ ಮುಂಚೆ ನೋಂದಣಿ ಪತ್ರ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಇನ್ನು ಆ ಪುಡಿ. ಸಾರಿನಲ್ಲಿ ಬೆರೆಸಿ ಕೊಡಿ, ಗೊತ್ತೇ ಆಗಲ್ಲ, ತಾನಾಗೇ ವಾಂತಿ ಮಾಡ್ಕೊಂಡು ಬಿಡ್ತಾನೆ ಎಂದು ನೆಂಟರೊಬ್ಬರು ಅಕ್ಕನಿಗೆ ತಂದುಕೊಟ್ಟಿದ್ದರು. ಹೀಗೆ ಗುಟ್ಟಾಗಿ ಕೊಡುವ ಪುಡಿಗಳಲ್ಲಿ ಏನಿರುತ್ತದೋ ಕೊಟ್ಟವರಿಗೂ ತಿಳಿದಿರುವುದಿಲ್ಲ. ಡೈಸಲ್ಫಿರಾಮ್ ಎಂಬ ನಿಜವಾದ ಮಾತ್ರೆ ಇದೆ. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು, ಹಾಲ್ಡ್ ಮತ್ತು ಯಾಕೋಬ್ಸೆನ್, ಹೊಟ್ಟೆಹುಳಕ್ಕೆ ಆದೀತೇ ಎಂದು ಅದನ್ನು ತಾವೇ ನುಂಗಿ ನೋಡಿದ್ದರು. ಆಮೇಲೆ ಮದ್ಯ ಕುಡಿದಾಗ ಮುಖ ಕೆಂಪೇರಿ ಎದೆ ಡವಗುಟ್ಟಿತು. ಹಾಗೆ ಬೆಳಕಿಗೆ ಬಂದ ಔಷಧ. ತಿಳಿದು, ಒಪ್ಪಿ, ವೈದ್ಯರ ಕಣ್ಗಾವಲಲ್ಲಿ ತೆಗೆದುಕೊಂಡರೆ ಕೆಲವರಿಗೆ ಬಹಳ ಉಪಕಾರಿ. ಬೆಳಿಗ್ಗೆ ಒಂದು ಮಾತ್ರೆ ನುಂಗಿದರೆ ಸಂಜೆಯ ಜಗಳವನ್ನು ಬೆಳಿಗ್ಗೆಯೇ ಗೆದ್ದ ಹಾಗೆ ಎನ್ನುತ್ತಿದ್ದರು ಭಾವನ ಜೊತೆ ವಾರ್ಡಿನಲ್ಲಿದ್ದವರೊಬ್ಬರು. ಆದರೆ ಗೊತ್ತಿಲ್ಲದವನ ಸಾರಿಗೆ ಅದನ್ನು ಹಾಕಿ, ಅವನು ಹೊರಗೆ ಹೋಗಿ ಕುಡಿದರೆ ಬೀಪಿ ಕುಸಿದು ಪ್ರಾಣಕ್ಕೇ ಸಂಚಕಾರ. ಅಕ್ಕ ಆ ಪೊಟ್ಟಣವನ್ನು ಬಚ್ಚಲಿಗೆ ಸುರಿದಳು. ಹೆದರಿಕೆಯಿಂದಲ್ಲವಂತೆ. "ನಾಳೆ ನಾನು ಮಾಡಿದ ಸಾರು ಮುಟ್ಟೋಕೂ ಅವರು ಹೆದರ್ಬೇಕಾ?" ಎಂದಳು. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳೂ ಈಗ ಸಿಗುತ್ತವೆ. ಯಾರಿಗೆ ಯಾವುದು ಎಂಬುದು ಲಿವರ್ ನೋಡಿ ಹೇಳಬೇಕಾದ ಮಾತು.

ಕೆಲವು ವಾರದ ನಂತರ ಡಿಸ್ಚಾರ್ಜ್ ಆಯಿತು. ಕೈಯಲ್ಲಿ ಒಂದು ಕಾರ್ಡು, ಮಾತ್ರೆಯ ಪಟ್ಟಿ, ಮುಂದಿನ ತಾರೀಖು. ಆಸ್ಪತ್ರೆಯ ಪಾಲಿಗೆ ಅದೊಂದು ಘಟ್ಟ ಮುಗಿದ ಹಾಗೆ. ಅಷ್ಟು ಸಿಗುವವರೇ ಪುಣ್ಯವಂತರು. 2019ರಲ್ಲಿ ಬಂದ ಕೇಂದ್ರ ಸರ್ಕಾರದ ಸಮೀಕ್ಷೆ, ದೆಹಲಿಯ ಏಮ್ಸ್‌ನವರು ಮಾಡಿದ್ದು, ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 2.9 ಕೋಟಿ ಜನ ಅದಕ್ಕೆ ದಾಸರಾಗಿದ್ದಾರೆ ಎಂದಿತು. ಹಾಗೆ ದಾಸರಾದ 38 ಜನರಲ್ಲಿ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ನಮ್ಮ ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು, ಪ್ಯಾಕೆಟ್ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿಗೆ ಹೋದರು. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಎದುರುನೋಡಿದ್ದು 40,000 ಕೋಟಿ ರೂಪಾಯಿ. ಬಿಟ್ಟವನ ಮುಂದಿನ ಐದು ವರ್ಷಕ್ಕೆ ಅದರಲ್ಲಿ ಎಷ್ಟು ಪಾಲು ಎಂದು ಯಾವ ಶಾಸಕರಾದರೂ ಕೇಳಿದ್ದನ್ನು ನಾನಂತೂ ಕೇಳಿಲ್ಲ.

ಮನೆಗೆ ಬಂದ ಭಾವನಿಗೆ ಮೊದಲ ತಿಂಗಳುಗಳಲ್ಲಿ ನಿದ್ದೆಯಿಲ್ಲ. ಅಚ್ಚು ಬೆಲ್ಲ, ಕಡ್ಲೆಮಿಠಾಯಿ ಸಿಕ್ಕಷ್ಟೂ ತಿನ್ನುತ್ತಿದ್ದರು. ಮಗನ ತಿಂಡಿ ಡಬ್ಬಿಗೂ ಕೈ ಹಾಕುತ್ತಿದ್ದರು. ಸಂಜೆ ಆರೂವರೆ ಬಂದರೆ ಕೂತಲ್ಲಿ ಕೂರಲಾರರು. ಅಂಗಡಿಯಿಂದ ಮನೆಗೆ ನೇರ ರಸ್ತೆಯಲ್ಲಿ ಎರಡು ಬಾರು, ಹಾಗಾಗಿ ಕೆರೆ ಏರಿ ಮೇಲೆ ಸುತ್ತು ಹಾಕಿ ಬರುತ್ತಿದ್ದರು. ವಾರಕ್ಕೊಮ್ಮೆ ಎ.ಎ., ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆತುಕೊಂಡು ಶುರು ಮಾಡಿದ ಕೂಟ ಅದು. ಇಲ್ಲಿ ಒಂದು ಶಾಲೆಯ ಕೋಣೆಯಲ್ಲಿ, ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮಂಡಿ ಮಡಚಿಕೊಂಡು ಕೂತು, ಕನ್ನಡದಲ್ಲಿ ನಡೆಯುತ್ತದೆ. ಫೀಸಿಲ್ಲ, ರಿಜಿಸ್ಟರ್ ಇಲ್ಲ. ಎದ್ದು ನಿಂತು ಹೆಸರು ಹೇಳಿ, ನಾನೊಬ್ಬ ಕುಡುಕ ಎಂದು ಶುರು ಮಾಡಬೇಕು. ಅಲ್ಲಿ ಸಿಕ್ಕಿದ ಹಿರಿಯರೊಬ್ಬರು, ಭಾವನ ಸ್ಪಾನ್ಸರ್ (ಹೊಸಬರಿಗೆ ಆಸರೆಯಾಗಿ ನಿಲ್ಲುವ ಹಳಬರು), ದಿನಾ ಆರೂವರೆಗೆ ಫೋನು ಮಾಡಿ ಮಳೆ, ಕೊಬ್ಬರಿ ರೇಟು, ಏನಾದರೊಂದು ಮಾತಾಡುತ್ತಿದ್ದರು. ಕುಡಿತದ ಸುದ್ದಿಯೇ ಎತ್ತುತ್ತಿರಲಿಲ್ಲವಂತೆ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಿಗೆ ಹೋಗಿ ಬಂದವರೂ ಊರೂರಲ್ಲಿ ನವಜೀವನ ಸಮಿತಿ ಎಂದು ಮಾಡಿಕೊಂಡು ಸೇರುತ್ತಾರೆ. ನನಗೆ ಶಿಬಿರಕ್ಕಿಂತ ಆ ಸಮಿತಿಯೇ ದೊಡ್ಡದಾಗಿ ಕಾಣುತ್ತದೆ. ಶಿಬಿರದ ಫೋಟೋ ಪೇಪರಿನಲ್ಲಿ ಬರುತ್ತದೆ, ಸಮಿತಿಯದು ಬರುವುದು ಅಪರೂಪ.

ಕಷ್ಟವೆಲ್ಲ ಬಂದದ್ದು ಅವರು ನೆಟ್ಟಗಾದ ಮೇಲೆ. ಇದನ್ನು ಯಾರೂ ನಮಗೆ ಮೊದಲೇ ಹೇಳಿರಲಿಲ್ಲ.

ಭಾವ ಕುಡಿಯುತ್ತಿದ್ದ ವರ್ಷಗಳಲ್ಲಿ ಮನೆ ಅವರಿಲ್ಲದೆ ನಡೆಯುವುದನ್ನು ಕಲಿತಿತ್ತು. ಗ್ಯಾಸ್ ಬುಕ್ ಮಾಡುವುದು, ಸ್ಕೂಲ್ ಫೀಸು, ಸ್ತ್ರೀಶಕ್ತಿ ಸಂಘದ ಸಾಲ, ಚೀಟಿ, ಅತ್ತೆಯ ಬೀಪಿ ಮಾತ್ರೆ ಎಲ್ಲ ಅಕ್ಕನದು. ಬೀರುವಿನ ಕೀಲಿ ಅವಳ ಸೀರೆ ಸೆರಗಿನಲ್ಲಿ. ಹುಡುಗ ಮಾರ್ಕ್ಸ್ ಕಾರ್ಡಿಗೆ ಸಹಿ ಬೇಕೆಂದರೆ ಅಪ್ಪನನ್ನು ದಾಟಿ ಅಡಿಗೆಮನೆಗೆ ಹೋಗುತ್ತಿದ್ದ. ಈಗ ನಡುಮನೆಯಲ್ಲಿ ಒಬ್ಬ ಗಂಡಸು ಬುದ್ಧಿ ನೆಟ್ಟಗಿಟ್ಟುಕೊಂಡು ಕೂತು, "ಒಟ್ಟು ಸಾಲ ಎಷ್ಟಿದೆ, ಲೆಕ್ಕ ತೋರ್ಸು" ಎನ್ನುತ್ತಾನೆ. ಕೇಳಿದ್ದು ನ್ಯಾಯವೇ. ಆದರೆ ಆ ರಾತ್ರಿ ಆದ ಜಗಳ ಕುಡಿಯುತ್ತಿದ್ದ ಕಾಲದಲ್ಲೂ ಆಗಿರಲಿಲ್ಲ. ಅಕ್ಕ ಲೆಕ್ಕದ ಪುಸ್ತಕ ತಂದು ಎದುರಿಗೆ ಎಸೆದಳಂತೆ. ಅದರಲ್ಲಿ ಅಡವಿಟ್ಟ ಬಳೆ, ತವರಿನಿಂದ ತಂದ ದುಡ್ಡು, ನನ್ನ ಹೆಸರೂ ಇತ್ತು, ತಾರೀಖಿನ ಸಮೇತ.

ಆಮೇಲೂ ತಿಂಗಳುಗಟ್ಟಲೆ ಅಕ್ಕನ ಸಿಟ್ಟು ಇಳಿಯಲಿಲ್ಲ. ಬಳಗದವರೆಲ್ಲ ಅವಳಿಗೇ ಬುದ್ಧಿ ಹೇಳಿದರು: ಪಾಪ, ಬಿಟ್ಟಿದ್ದಾನೆ, ಈಗ್ಯಾಕಮ್ಮ ಹಳೇದೆಲ್ಲ. ಒಂದು ಸಲ ನಾನೂ ಕೂತಿದ್ದಾಗ ಭಾವನೇ ಕೇಳಿದರು, "ಕುಡೀತಿದ್ದಾಗ ಇಷ್ಟು ಬೈತಿರ್ಲಿಲ್ವಲ್ಲೇ?" ಅಕ್ಕ ಅಕ್ಕಿ ಆರಿಸುತ್ತಲೇ ಹೇಳಿದಳು: "ಆಗ ಬೈದ್ರೆ ನಿಮಗೆ ತಾಕ್ತಿರ್ಲಿಲ್ಲ ರೀ. ಈಗ ತಾಕುತ್ತೆ. ಅದಕ್ಕೇ ಬೈತೀನಿ."

ಸಿಟ್ಟಿಗಿಂತ ಮೊಂಡಾದದ್ದು ಅವಳ ಕಾವಲು. ಬೈಕಿನ ಶಬ್ದ ಬೀದಿ ತಿರುವಿಗೆ ಬಂದಾಗಲೇ ಭಾವ ಗೇರು ಬದಲಿಸುವ ರೀತಿಯಿಂದ ಇವತ್ತು ಹೇಗಿದ್ದಾರೆ ಎಂದು ತಿಳಿಯುತ್ತಿದ್ದಳು. ಷರ್ಟು ಒಗೆಯಲು ಹಾಕುವ ಮುಂಚೆ ಮೂಗಿಗೆ ಹಿಡಿಯುತ್ತಿದ್ದಳು. ಅಕ್ಕಿ ಡ್ರಮ್ಮಿನ ಹಿಂದೆ, ಬಚ್ಚಲ ಒಲೆಯ ಸಂದಿಯಲ್ಲಿ ಕೈಯಾಡಿಸುತ್ತಿದ್ದಳು. ಭಾವ ಬಿಟ್ಟು ಮೂರು ನಾಲ್ಕು ವರ್ಷವಾದ ಮೇಲೂ ಇದು ನಿಂತಿರಲಿಲ್ಲ. ಫಾಲೋಅಪ್‌ಗೆ ಹೋದಾಗ ಅಲ್ಲಿನ ಸೋಶಿಯಲ್ ವರ್ಕರ್ ಹುಡುಗಿ ಭಾವನನ್ನು ಕೇಳುವುದೆಲ್ಲ ಕೇಳಿ, ಇವಳ ಕಡೆ ತಿರುಗಿ "ನಿಮಗೆ ನಿದ್ದೆ ಹೇಗಿದೆ ಅಮ್ಮ?" ಎಂದಳು. ಅಷ್ಟೂ ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯಳು ಆಕೆ. ಅಕ್ಕನಿಗೆ ರೇಗಿತು. "ನಂಗ್ಯಾಕೆ? ನಾನು ಕುಡಿದ್ನಾ?" ಎಂದಳು. ಕೊನೆಗೆ ಅವಳಿಗೂ ಒಂದು ಕಾರ್ಡಾಯಿತು, ಆತಂಕಕ್ಕೆ ಚಿಕಿತ್ಸೆ, ಕೆಲವು ಸಲ ಒಬ್ಬಳೇ ಹೋಗಿ ಮಾತಾಡಿ ಬಂದಳು. ನನ್ನ ಲೆಕ್ಕದಲ್ಲಿ ಆ ಮನೆಯಲ್ಲಿ ತಡವಾಗಿ ಚೇತರಿಸಿಕೊಂಡವಳು ಅಕ್ಕ. ಭಾವನಿಗೆ ಎ.ಎ.ಯಲ್ಲಿ ವರ್ಷ ತುಂಬಿದ್ದಕ್ಕೆ ಚಪ್ಪಾಳೆ ತಟ್ಟಿ ಬಿಲ್ಲೆ ಕೊಡುತ್ತಾರೆ. ಅವಳಿಗೆ ಯಾರು ಕೊಟ್ಟರು? ಕುಟುಂಬದವರಿಗೇ ಅಲ್-ಅನಾನ್ ಎಂಬ ಕೂಟವಿದೆ, ಆದರೆ ಅವಳ ಕೈಗೆಟುಕುವ ದೂರದಲ್ಲಿ ಇರಲಿಲ್ಲ.

ಎರಡನೆಯ ವರ್ಷ ಭಾವ ಮೌನವಾದರು. ಬೆಳಿಗ್ಗೆ ನಾಲ್ಕಕ್ಕೆ ಎಚ್ಚರ, ಊಟ ಸೇರದು, ಅಂಗಡಿಗೆ ಹೋದರೂ ಮೋಟರು ಬಿಚ್ಚಿಟ್ಟು ನೋಡುತ್ತ ಕೂರುವುದು. ನೆಂಟರೆಲ್ಲ ‘ಎಷ್ಟು ಸಾಧು ಆಗಿದ್ದಾರೆ’ ಎಂದು ಮೆಚ್ಚಿಕೊಂಡರು. ಅದು ಸಾಧುತನವಾಗಿರಲಿಲ್ಲ, ಖಿನ್ನತೆ. ಕುಡಿತ ನಿಲ್ಲಿಸಿದ ಹೊಸದರಲ್ಲಿ ಬಹಳ ಜನರಿಗೆ ಮನಸ್ಸು ಕುಗ್ಗಿರುತ್ತದೆ, ಮದ್ಯವೇ ತಂದ ಕುಗ್ಗುವಿಕೆಯಾದರೆ ಬಹುಮಟ್ಟಿಗೆ ಎರಡರಿಂದ ನಾಲ್ಕು ವಾರದಲ್ಲಿ ತಿಳಿಯಾಗುತ್ತದೆ. ಅದಕ್ಕೇ ವೈದ್ಯರು ಒಮ್ಮೊಮ್ಮೆ ಕಾದು ನೋಡುತ್ತಾರೆ. ಆಮೇಲೂ ಉಳಿದರೆ, ಅಥವಾ ಹೀಗೆ ವರ್ಷದ ಮೇಲೆ ತಲೆಯೆತ್ತಿದರೆ, ಅದು ತನ್ನದೇ ಬೇರಿರುವ ಕಾಯಿಲೆ. ಭಾವ ಹದಿನೆಂಟು ಹತ್ತೊಂಬತ್ತರಲ್ಲೇ, ಅವರಪ್ಪ ಹೋದ ವರ್ಷ, ಹೀಗೇ ತಿಂಗಳುಗಟ್ಟಲೆ ಕೂತಿದ್ದರೆಂದು ಆಮೇಲೆ ಅವರ ಅಮ್ಮ ಹೇಳಿದರು. ಕುಡಿತ ಶುರುವಾದದ್ದು ಅದರ ಬೆನ್ನಿಗೇ. ಒಂದಕ್ಕೆ ಮಾತ್ರ ಮದ್ದು ಮಾಡಿ ಇನ್ನೊಂದನ್ನು ಬಿಟ್ಟರೆ ಬಿಟ್ಟದ್ದು ಮೊದಲಿನದನ್ನೂ ಎಳೆದು ತರುತ್ತದೆ.

ಖಿನ್ನತೆಯ ಮಾತ್ರೆ ಶುರುವಾದಾಗ ಮನೆ ಹಿರಿಯರಿಂದ ಹೊಸ ತಕರಾರು. "ಎಣ್ಣೆ ಬಿಟ್ಟು ಮಾತ್ರೆ ಹಿಡ್ಕೊಂಡ, ಅದೂ ಒಂದು ಚಟವೇ." ಇದು ಅರ್ಧ ಗೊತ್ತಿದ್ದವರ ಮಾತು. ನಿದ್ದೆಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಕೆಲವು ಮಾತ್ರೆಗಳು ಚಟವಾಗುವುದು ನಿಜ, ಮದ್ಯ ಬಿಟ್ಟವರು ಅದಕ್ಕೆ ಸಿಕ್ಕಿಬೀಳುವುದೂ ನಿಜ. ಖಿನ್ನತೆಗೆ ಕೊಡುವ ಸೆರ್ಟ್ರಲಿನ್, ಎಸಿಟಲೊಪ್ರಾಮ್ ಆ ಜಾತಿಯವಲ್ಲ. ಇನ್ನೂ ಒಂದು ಬೇಕು ಎಂದು ಯಾರೂ ಅದಕ್ಕಾಗಿ ಕೈಕೈ ಹಿಸುಕಿಕೊಳ್ಳುವುದಿಲ್ಲ. ನಿಲ್ಲಿಸುವಾಗ ಮಾತ್ರ ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಬೇಕು. ಪ್ರತಿ ಸಲಕ್ಕೂ ಬೆಂಗಳೂರಿಗೆ ಓಡುವ ಅಗತ್ಯ ನಮಗೆ ಬೀಳಲಿಲ್ಲ. ಮನೋಚೈತನ್ಯ ಎಂಬ ಯೋಜನೆಯಡಿ ತಾಲೂಕು ಆಸ್ಪತ್ರೆಗೇ ಮಂಗಳವಾರ ಮನೋವೈದ್ಯರು ಬರುವುದುಂಟು. ಜಿಲ್ಲೆಯ ಮಟ್ಟದಲ್ಲೇ ಮನೋಚಿಕಿತ್ಸೆ ಕೊಡಬಹುದು ಎಂಬುದನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದರು, ದೇಶವೆಲ್ಲ ಆಮೇಲೆ ಅದನ್ನೇ ಹಿಡಿಯಿತು. 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ರಾತ್ರಿ ಎರಡಕ್ಕೂ ಫೋನು ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಒಂದು ಹೊಸತೊಡಕಿನ ದಿನ ಭಾವ ಕುಡಿದರು. ಸಂಭ್ರಮ, ಬಾಡೂಟ, ದಾಯಾದಿಯೊಬ್ಬರ "ಒಂದಕ್ಕೇನೂ ಆಗಲ್ಲ ಬಾರೋ". ರಾತ್ರಿ ಹೊತ್ತಿಗೆ ಊರೆಲ್ಲ ಸುದ್ದಿ. ಎಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗಾಯಿತು ಎಂದರು ನೆಂಟರು. ಮಾರನೆಯ ದಿನವೇ ಭಾವ ಸ್ಪಾನ್ಸರಿಗೆ ಫೋನು ಮಾಡಿ, ಅದರ ಮಾರನೆಯ ದಿನ ಆಸ್ಪತ್ರೆಗೆ ಹೋದರು. ಡಾಕ್ಟರು ಬೈಯಲಿಲ್ಲ. ಎಷ್ಟು ಕುಡಿದಿರಿ, ಆ ವಾರ ಮಾತ್ರೆ ತಪ್ಪಿತ್ತಾ, ನಿದ್ದೆ ಹೇಗಿತ್ತು ಎಂದು ಮೂರು ಮಾತು ಕೇಳಿ ಬರೆದುಕೊಂಡರು. ಮಾತ್ರೆ ತಪ್ಪಿತ್ತು. ಈ ಕಾಯಿಲೆಯ ಹಾದಿಯಲ್ಲಿ ಜಾರುವುದು ಅಪರೂಪವಲ್ಲ. ಜಾರಿದವನು ಎಷ್ಟು ಬೇಗ ವಾಪಸ್ ಬಂದ ಎನ್ನುವುದರ ಮೇಲೆ ಮುಂದಿನದು ನಿಂತಿರುತ್ತದೆ, ಅವನು ಬರುವುದೋ ಅಡಗಿಕೊಳ್ಳುವುದೋ ಎಂಬುದು ಮನೆಯವರ ಮುಖದ ಮೇಲೆ. ಅಮೆರಿಕದ ಮನೋವೈದ್ಯ ಜಾರ್ಜ್ ವೈಲಂಟ್ ಬಾಸ್ಟನ್ನಿನ ಗಂಡಸರ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿ ಕಂಡುಕೊಂಡದ್ದೇನೆಂದರೆ, ಒಂದೆರಡು ವರ್ಷ ಬಿಟ್ಟವರು ಮತ್ತೆ ಹಿಡಿಯುವುದು ಸಾಮಾನ್ಯ, ಐದು ವರ್ಷ ದಾಟಿದವರು ಮತ್ತೆ ಬೀಳುವುದು ಅಪರೂಪ. ಐದು ವರ್ಷ! ನಾವು 41 ದಿನಕ್ಕೆ ತೀರ್ಪು ಕೊಡುವವರು.

ಈಗ ಬೀರುವಿನ ಕೀಲಿ ಗೋಡೆಯ ಮೊಳೆಗೆ ಬಂದಿದೆ. ಅಂಗಡಿಯ ಲೆಕ್ಕ ಭಾವನದು, ಮನೆಯ ಲೆಕ್ಕ ಇಬ್ಬರದು, ಚೀಟಿ ಮಾತ್ರ ಅಕ್ಕ ಬಿಟ್ಟುಕೊಟ್ಟಿಲ್ಲ.

ಹುಡುಗ ಇಂಜಿನಿಯರಿಂಗ್ ಸೇರಿ ಬೆಂಗಳೂರಿನ ಪೀಜಿಯಲ್ಲಿದ್ದಾನೆ. ಅಪ್ಪನಿಗೆ ಈ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ರಕ್ತದಲ್ಲೇ ಸ್ವಲ್ಪ ಬಂದಿರುತ್ತದೆ. ಹೋದ ದಸರಾ ರಜೆಯಲ್ಲಿ ಅವನು ಬಂದಿದ್ದಾಗ ನಾನೂ ಅಲ್ಲಿದ್ದೆ. ರೂಮ್‌ಮೇಟುಗಳ ಬರ್ತ್‌ಡೇ ಪಾರ್ಟಿಯ ಮಾತು ಬಂತು. ಹುಡುಗ ಸಂಕೋಚವಿಲ್ಲದೆ ಕೇಳಿದ, "ಅಪ್ಪಾ, ಮೊದಲ ಸಲ ಕುಡಿದಾಗ ಹೇಗಿತ್ತು ನಿಂಗೆ?"

ಭಾವ ಸ್ವಲ್ಪ ಯೋಚಿಸಿ, "ಸುಳ್ಳು ಹೇಳಲ್ಲ ಮಗಾ, ತುಂಬಾ ಚೆನ್ನಾಗಿತ್ತು" ಎಂದರು. "ಎಲ್ಲಾರ್ಗೂ ಹಂಗೇ ಅಂದ್ಕೊಂಡಿದ್ದೆ. ಜೊತೇಲಿದ್ದವರ್ಗೆ ಒಂದು ಸಾಕಾಯ್ತು, ನಂಗೆ ಅವತ್ತೇ ಸಾಕಾಗ್ಲಿಲ್ಲ. ನಿಂಗೂ ತುಂಬಾ ಚೆನ್ನಾಗಿದೆ ಅನ್ಸಿದ್ರೆ, ಅವತ್ತೇ ನಂಗೆ ಫೋನ್ ಮಾಡು."

"ಅಷ್ಟೊಂದು ಚೆಂದ ಮಾಡಿ ಹೇಳ್ಬೇಡಿ ರೀ" ಎಂದಳು ಅಕ್ಕ ಅಡಿಗೆಮನೆಯಿಂದ. "ಆ ಗಾಳೀಲಿ ತಂತಿ ಸುತ್ತಿದ್ದೂ ಹೇಳಿ."

"ಹೇಳ್ತೀನಿ ಇರೇ," ಎಂದು ಭಾವ ಕುರ್ಚಿ ಮುಂದಕ್ಕೆಳೆದುಕೊಂಡರು. "ಅದು ನಂಗೆ ಸರಿಯಾಗಿ ನೆನಪಿಲ್ಲ, ನಿಮ್ಮ ಮಾವನ್ನ ಕೇಳು."